ಕೆರೆಯಮ್ಮನ ಬಾಡದ ಮೊಗ್ಗು

ಮನುಷ್ಯನ ಎರಡು ಕಿವಿಗಳ ತೂತು ಒಂದೇ ಅಳತೆ ಇರುವುದಿಲ್ಲವೆಂಬ ಸಂಗತಿ ಶಿಕಾರಿಪುರದ ಸಿದ್ಧಲಿಂಗೇಶನಿಗೆ ಐವತ್ತರ ಹತ್ತಿರ ಬರುವವರೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅವನಿಗೆ ನಷ್ಟವೇನೂ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು, ವಾಷರು, ಬೇರಿಂಗು, ಫುಟ್‌ವಾಲ್ವುಗಳ ನಡುವೆ ಕೂತು, ಗಿರಾಕಿಗಳ ಬೈಗುಳವನ್ನು ಎರಡೂ ಕಿವಿಗಳಿಂದ ಸಮನಾಗಿ ಕೇಳಿಸಿಕೊಳ್ಳುತ್ತ ಅವನು ಸುಖವಾಗಿಯೇ ಇದ್ದ. ಅಂಥವನ ಬಲಗಿವಿಯೊಂದರಿಂದ ಎರಡು ತಾಲ್ಲೂಕುಗಳ ಜನ ಬೆಚ್ಚಿಬಿದ್ದರು ಎಂದರೆ ನಂಬುವುದು ಕಷ್ಟ. ಆದರೂ ನಡೆದದ್ದು ಹಾಗೆಯೇ.

ಮಗಳು ಚೈತ್ರಶ್ರೀಗೆ ಸೊರಬದಿಂದ ಸಂಬಂಧ ಬಂದಿತ್ತು. 'ಬಂದಿತ್ತು' ಎನ್ನುವುದು ಮರ್ಯಾದೆಯ ಮಾತು. ಅವಳು ಆನವಟ್ಟಿಯ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಳು. ಹುಡುಗ ನಾಗೇಶ ಅದೇ ಊರಿನಲ್ಲಿ ಸಹಕಾರ ಸಂಘದ ಕೆಲಸಕ್ಕಿದ್ದ. ಶಿಕಾರಿಪುರದ ಬಸ್ಸೂ ಸೊರಬದ ಬಸ್ಸೂ ಬೆಳಿಗ್ಗೆ ಒಂದೇ ಹೊತ್ತಿಗೆ ಆನವಟ್ಟಿಗೆ ಬಂದು ನಿಲ್ಲುತ್ತಿದ್ದವು. ಮಿಕ್ಕದ್ದನ್ನೆಲ್ಲ ಅವರಿಬ್ಬರೇ ಮುಗಿಸಿಕೊಂಡು, ಕೊನೆಯಲ್ಲಿ ಹಿರಿಯರ ಕೈಗೆ ಒಪ್ಪಿಸಿ, "ನೀವೇ ನೋಡಿ ನಿಶ್ಚಯ ಮಾಡ್ರಿ" ಎಂದಿದ್ದರು.

ಹೆಣ್ಣು ನೋಡುವ ಶಾಸ್ತ್ರದ ದಿನ ನಾಗೇಶನಿಗೆ ಒಂದು ಫೋನು ಬಂತು. ಅವನು ಜೇಬಿಗೆ ಕೈ ಹಾಕಲಿಲ್ಲ. ಕಿವಿಯಲ್ಲಿದ್ದ, ವೈರೇ ಇಲ್ಲದ ಬಿಳಿಯ ಇಯರ್‌ಬಡ್ಡನ್ನು ಒಂದು ಬೆರಳಿನಿಂದ ತಟ್ಟಿ, "ಆಮೇಲೆ ಮಾತಾಡ್ತೀನಿ" ಎಂದು ಗಾಳಿಗೆ ಹೇಳಿ, ಮತ್ತೊಮ್ಮೆ ತಟ್ಟಿ ಸುಮ್ಮನಾದ. ಎಷ್ಟು ನಾಜೂಕು! ಅಷ್ಟರಲ್ಲಿ ಸಿದ್ಧಲಿಂಗೇಶನ ಫೋನೂ ಬಡಿದುಕೊಂಡಿತು. ಅವನು ಜೇಬಿನಿಂದ ವೈರಿನ ಇಯರ್‌ಫೋನ್ ಎಳೆದ. ಅದಕ್ಕೆ ಸುತ್ತಿಕೊಂಡಿದ್ದ ಬೀಗದ ಕೈ, ಅದರ ಹಿಂದೆ ಒಂದು ಎಣ್ಣೆ ಹತ್ತಿದ ವಾಷರು ಹೊರಬಂದು, ಎದುರಿಗೆ ಕೂತಿದ್ದ ಹುಡುಗನ ತಂದೆ ಸದಾಶಿವಪ್ಪನವರ ಉಪ್ಪಿಟ್ಟಿನ ತಟ್ಟೆಗೆ ಬಿದ್ದವು. ಸದಾಶಿವಪ್ಪನವರು ಸೊರಬದಲ್ಲಿ ಭತ್ತದ ವ್ಯಾಪಾರ ಮಾಡುವ ದೊಡ್ಡ ಕುಳ. ಅವರು ವಾಷರನ್ನು ಚಮಚದಿಂದ ಪಕ್ಕಕ್ಕೆ ಸರಿಸಿ, ಗೋಡಂಬಿಯನ್ನು ಹುಡುಕಿ ತಿಂದು, ಏನೂ ಆಗದವರಂತೆ ಮಳೆಯ ಮಾತು ತೆಗೆದರು. ಆ ಘನತೆಯೇ ಸಿದ್ಧಲಿಂಗೇಶನನ್ನು ಕೊಂದುಹಾಕಿತು.

ಮರುದಿನವೇ ಅವನು ನವೀನನ ಮೊಬೈಲ್ ಅಂಗಡಿಯಲ್ಲಿದ್ದ. ಬರಿಗೈಯಲ್ಲಿ ಬಂದಿರಲಿಲ್ಲ, ಫೋನಿನಲ್ಲಿ ಸಿಕ್ಕ ವಿಮರ್ಶೆಗಳನ್ನೆಲ್ಲ ಓದಿಕೊಂಡು ಪರೀಕ್ಷೆಗೆ ಬಂದವನ ಹಾಗೆ ಬಂದಿದ್ದ.

"ಹೊರಗಿನ ಸದ್ದು ತಡೀತೈತಾ?"

"ಪೂರ್ತಿ ತಡೀತೈತಣ್ಣ. ಅತ್ತಿಗೆ ಬಾಜೂಕ ನಿಂತು ಕೂಗಿದ್ರೂ ಕೇಳಲ್ಲ."

"ಅದು ಬ್ಯಾಡ. ಆಮೇಲೆ ಅನುಭವಿಸೋನು ನಾನು."

"ಕರೇದು ತಗೊಳ್ರಿ, ಕೊಳೆ ಕಾಣಲ್ಲ."

"ಬಿಳೇದೇ ಇರ್ಲಿ. ಅಳಿಯಂದೂ ಬಿಳೇದೇ."

ನವೀನ ಪೆಟ್ಟಿಗೆ ಬಿಚ್ಚಿದ. ಸುಗಂಧರಾಜದ ಮೊಗ್ಗನ್ನು ತೊಟ್ಟು ಸಮೇತ ಕಿತ್ತಿಟ್ಟಂಥ ಎರಡು ಬಡ್ಡುಗಳು. ಜೊತೆಗೆ ಒಂದು ಪೊಟ್ಟಣದಲ್ಲಿ ತುದಿಗೆ ಹಾಕುವ ರಬ್ಬರುಗಳು: ಸಣ್ಣ, ಮಧ್ಯಮ, ದೊಡ್ಡ. ಮಧ್ಯಮದ್ದನ್ನು ಹಾಕಿ ಅವನ ಕಿವಿಗಿಟ್ಟು, ತಲೆ ಅಲ್ಲಾಡಿಸಲು ಹೇಳಿದ. ಬಲಗಡೆಯದು ಪಟ್ಟನೆ ಬಿತ್ತು.

"ಎಡಗಡೆ ಸರಿ ಐತೆ. ಬಲಕ್ಕೆ ದೊಡ್ಡದು ಹಾಕ್ತೀನಿ. ನಿಮ್ಮ ಬಲಗಿವಿ ತೂತು ದೊಡ್ಡದಣ್ಣ."

ಸಿದ್ಧಲಿಂಗೇಶನಿಗೆ ನೆಲ ಸರಿದಂತಾಯಿತು. "ಏನು ಮಾತಂತ ಆಡ್ತೀಯೋ? ಎರಡೂ ಒಂದೇ ತಾಯಿ ಹೆತ್ತ ಕಿವಿ!"

"ಎಲ್ಲರದ್ದೂ ಸ್ವಲ್ಪ ಹೆಚ್ಚುಕಡಿಮೆ ಇರ್ತಾವಣ್ಣ. ಅದಕ್ಕೇ ಮೂರು ಅಳತೆ ಕೊಟ್ಟಿರೋದು."

"ನೋಡು, ಒಂದು ಪಂಪಿಗೆ ಎರಡು ಅಳತೆ ವಾಷರ್ ಕೇಳೋನನ್ನ ನಾನು ಅಂಗಡಿ ಮೆಟ್ಲು ಹತ್ತಿಸಲ್ಲ. ನನ್ನ ಕಿವಿಗೆ ನಾನೇ ಹಂಗ ಮಾಡ್ಲಾ? ನೋಡಿದೋರು ಏನಂದಾರು?"

"ಕಿವಿ ಒಳಗ ಹೋಗೋದನ್ನ ಯಾರು ನೋಡ್ತಾರಣ್ಣ?"

"ನನಗ ಗೊತ್ತಿರ್ತೈತಲ್ಲ!"

ಹೀಗೆ ಎರಡು ಕಿವಿಗೂ ಮಧ್ಯಮ ರಬ್ಬರೇ ಕೂತಿತು. ದೊಡ್ಡವು ಪೊಟ್ಟಣದಲ್ಲಿಯೇ ಉಳಿದವು. ಲೋಕದಲ್ಲಿ ಎಷ್ಟೋ ಅನಾಹುತಗಳು ಸಮಾನತೆಯ ಅಭಾವದಿಂದ ಆಗಿವೆ. ಇದೊಂದು ಸಮಾನತೆಯಿಂದಲೇ ಆಯಿತು.

ಆ ವಾರ ಬಲಗಡೆಯ ಬಡ್ಡು ಒಮ್ಮೆ ಗ್ರೀಸಿನ ಡಬ್ಬಿಗೆ ಬಿತ್ತು, ಒಮ್ಮೆ ಸಾರಿನ ಪಾತ್ರೆಗೆ. ಸಾರಿನಿಂದ ಅದನ್ನು ಸೌಟಿನಲ್ಲಿ ಎತ್ತಿದ ಹೆಂಡತಿ ಗಂಗಾಶ್ರೀ ಬೆಳ್ಳುಳ್ಳಿ ಎಂದುಕೊಂಡು ಹಿಚುಕಿ ನೋಡಿ, ಹಿಚುಕಲಾಗದೆ ಚೀರಿದಳು. ಸಿದ್ಧಲಿಂಗೇಶ ಮಾತ್ರ ಜಗ್ಗಲಿಲ್ಲ. "ವಾಟರ್‌ಪ್ರೂಫ್ ಐತೆ, ಏನೂ ಆಗಲ್ಲ" ಎಂದು ಒರೆಸಿ ಮತ್ತೆ ಹಾಕಿಕೊಂಡ. ಪೆಟ್ಟಿಗೆಯ ಮೇಲೆ ಇನ್ನೂ ಒಂದು ಮಾತು ಬರೆದಿತ್ತು: ಎಷ್ಟು ಹಗುರವೆಂದರೆ ಕಿವಿಯಲ್ಲಿ ಇದೆ ಎಂಬುದೇ ಮರೆತುಹೋಗುತ್ತದೆ. ಜಾಹೀರಾತು ನಿಜ ಹೇಳುವುದು ಅಪರೂಪ. ಈ ಸಲ ಹೇಳಿಬಿಟ್ಟಿತ್ತು.

ಎರಡೂ ಮನೆಯವರಿಗೆ ಸಂಬಂಧ ಒಪ್ಪಿಗೆಯಾಗಿತ್ತು. ಉಳಿದಿದ್ದವಳು ಸಿದ್ಧಲಿಂಗೇಶನ ತಾಯಿ ದ್ಯಾಮಮ್ಮ. "ಕೆರೆಯಮ್ಮ ಹೂ ಕೊಡದೆ ನಮ್ಮನಿ ಹೆಣ್ಣುಮಕ್ಕಳು ತಾಳಿ ಕಟ್ಟಿಸ್ಕೊಂಡಿಲ್ಲ. ಕೊಟ್ರೆ ಮದುವಿ. ಕೊಡ್ಲಿಲ್ಲ ಅಂದ್ರೆ ಇಲ್ಲ" ಎಂದು ಅವಳು ಕಡ್ಡಿ ತುಂಡು ಮಾಡಿದ್ದಳು. ಚೈತ್ರಶ್ರೀ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಮಾಡುವವಳು. ಆದರೂ ಆ ಮಾತು ಕೇಳಿದ ರಾತ್ರಿಯಿಂದ ಅವಳಿಗೆ ಊಟ ಸೇರಲಿಲ್ಲ.

ಕೆರೆಯಮ್ಮನ ಗುಡಿ ಇದ್ದದ್ದು ತಾಳಗುಂದದ ಆಚೆ, ಅವರ ಮೂಲ ಊರಿನಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ. ಅಲ್ಲಿನ ಕ್ರಮ ಹೀಗೆ: ಪೂಜಾರಿ ಸುಗಂಧರಾಜದ ಮೊಗ್ಗುಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಕಿರೀಟಕ್ಕೂ ಭುಜಗಳಿಗೂ ಸಿಕ್ಕಿಸುತ್ತಾನೆ. ಕೇಳಬೇಕಾದ್ದನ್ನು ಕೇಳಿ ಕಾಯಬೇಕು. ಅಮ್ಮನ ಬಲಕ್ಕೆ ಮೊಗ್ಗು ಬಿದ್ದರೆ ಒಪ್ಪಿಗೆ. ಎಡಕ್ಕೆ ಬಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬಿದ್ದ ಮೊಗ್ಗನ್ನು ಯಾರೂ ಕಣ್ಣಿಟ್ಟು ನೋಡಬಾರದು. ಪೂಜಾರಿ ಮುಖ ತಿರುಗಿಸಿಕೊಂಡು, ಕೈ ತಡವಿ ಎತ್ತಿ, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಗಂಡಿನವರಿಗೆ ಕೊಡುತ್ತಾನೆ. ಮದುವೆಯ ದಿನ ಆ ಗಂಟನ್ನು ಬಿಚ್ಚದೆ ಹಾಗೆಯೇ ಮದುಮಗನ ಕಂಕಣಕ್ಕೆ ಕಟ್ಟಬೇಕು.

ಶುಕ್ರವಾರ ಬೆಳಿಗ್ಗೆ ಎರಡೂ ಮನೆಯವರು ಗುಡಿಯಲ್ಲಿ ಸೇರಿದರು. ದಾರಿಯುದ್ದಕ್ಕೂ ಹಾಡು ಕೇಳುತ್ತ ಬಂದಿದ್ದ ಗಂಡನಿಗೆ ಗಂಗಾಶ್ರೀ ಕಾರಿನಿಂದ ಇಳಿಯುವಾಗಲೇ, "ಅವನ್ನ ತೆಗೀರಿ" ಎಂದಿದ್ದಳು. ಸಿದ್ಧಲಿಂಗೇಶ "ತೆಗ್ದೆ" ಎಂದು ಹಾಡು ನಿಲ್ಲಿಸಿದ. ಹಾಡು ನಿಂತದ್ದರಿಂದ ತೆಗೆದೇ ಬಿಟ್ಟೆನೆಂದು ಅವನೂ ನಂಬಿದ.

ಪೂಜಾರಿ ಕಲ್ಲಪ್ಪ ಮೊಗ್ಗು ಸಿಕ್ಕಿಸಿ ಕೇಳಿದ. ಅಮ್ಮ ಸುಮ್ಮನಿದ್ದಳು. ಗಂಟೆ ಬಾರಿಸಿ ಕೇಳಿದ. ಸುಮ್ಮನಿದ್ದಳು. ಅಷ್ಟರಲ್ಲಿ ಕರೆಂಟೂ ಹೋಯಿತು. ಗರ್ಭಗುಡಿಯಲ್ಲಿ ಎಣ್ಣೆ ದೀಪ ಮಾತ್ರ ಉಳಿಯಿತು.

"ಯಜಮಾನ್ರೇ, ಬರ್ರಿ, ಅಮ್ಮನ ಬಲಕ್ಕೆ ನಿಂತು ಆರತಿ ತಟ್ಟೆ ಹಿಡೀರಿ" ಎಂದು ಕಲ್ಲಪ್ಪ ಸಿದ್ಧಲಿಂಗೇಶನನ್ನು ಒಳಗೆ ಕರೆದ. ಆಮೇಲೆ ಅಮ್ಮನ ಕಡೆ ತಿರುಗಿ, ಸಾಲ ಕೊಟ್ಟವನ ಧಾಟಿಯಲ್ಲಿ, "ಏನವ್ವಾ, ಸೊರಬದಿಂದ ಬಂದಾರ, ಬಿಸಿಲು ಏರ್ತಾ ಐತಿ, ಹೂಂ ಅನ್ನು ಇಲ್ಲಾ ಊಹೂಂ ಅನ್ನು" ಎಂದ. ಸದಾಶಿವಪ್ಪನವರ ಹೆಂಡತಿ ವರದಮ್ಮ ಕಣ್ಣು ಮುಚ್ಚಿ ಏನನ್ನೋ ಜಪಿಸುತ್ತಿದ್ದರು. ಚೈತ್ರಶ್ರೀ ಕಂಬವನ್ನು ಹಿಡಿದುಕೊಂಡಿದ್ದ ರೀತಿ ನೋಡಿದರೆ ಕಂಬಕ್ಕೇ ಭಯವಾಗಬೇಕು. ಮಗಳ ಮುಖ ನೋಡಿದ ಸಿದ್ಧಲಿಂಗೇಶ ಅಮ್ಮನ ಕಡೆ ತಿರುಗಿದ. "ತಾಯೀ" ಎಂದು ತಟ್ಟೆ ಸಮೇತ ತಲೆ ಬಗ್ಗಿಸಿದ.

ದೀಪದ ಬೆಳಕಿನಲ್ಲಿ ಬಿಳಿಯದೊಂದು ಫಳ್ಳನೆ ಮಿಂಚಿ, ಅಮ್ಮನ ಬಲಪಾದದ ಹತ್ತಿರ ಟಣ್ ಎಂದು ಬಿತ್ತು.

"ಬಿತ್ತು!" ಎಂದು ದ್ಯಾಮಮ್ಮ ಕಿರುಚಿದಳು. "ಬಲಕ್ಕೆ! ಬಲಕ್ಕೆ ಬಿತ್ತು!"

ಕಲ್ಲಪ್ಪ ಮುಖ ತಿರುಗಿಸಿ, ಕೈ ತಡವಿ, ಎತ್ತಿ, ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ ಮುಗಿಸಿದ. ಹೂವು ಟಣ್ ಎನ್ನುವುದಿಲ್ಲವೆಂದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ವಿಜ್ಞಾನದ ಟೀಚರಿಗಂತೂ ಹೊಳೆಯಲೇ ಇಲ್ಲ. ಅವಳು ಕಂಬ ಬಿಟ್ಟು ತಾಯಿಯನ್ನು ಅಪ್ಪಿಕೊಂಡು ಅಳುತ್ತಿದ್ದಳು. ಸಿದ್ಧಲಿಂಗೇಶನೂ ಎಲ್ಲರಂತೆ ಕಣ್ಣೊರೆಸಿಕೊಂಡು, "ಅಮ್ಮಾ, ಕಾಪಾಡಿದೆ" ಎಂದ. ಅವನ ಆನಂದ ಅಪ್ಪಟವಾಗಿತ್ತು.

ಆಗ ಅವನಿಗೆ ಫೋನು ಬಂತು. ಜೇಬಿನಲ್ಲಿ ಸದ್ದಿರಲಿಲ್ಲ, ಸದ್ದೆಲ್ಲ ಕಿವಿಯಲ್ಲಿ. ಅದೂ ಎಡಗಿವಿಯಲ್ಲಿ ಮಾತ್ರ.

ಅವನ ಕೈ ಬಲಗಿವಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. 

ಅದೇ ಹೊತ್ತಿಗೆ ಸದಾಶಿವಪ್ಪನವರು ಗಂಟನ್ನು ಎಡಗಣ್ಣಿಗೊತ್ತಿ, ಬಲಗಣ್ಣಿಗೊತ್ತಿ, ಕಿವಿಯ ಪಕ್ಕದಲ್ಲಿ ಹಿಡಿದು ನಿಂತುಬಿಟ್ಟರು. "ಕಲ್ಲಪ್ಪನೋರೇ, ಒಳಗೆ ಏನೋ ಗುಂಯ್‌ಗುಡ್ತಾ ಅದೆಯಲ್ಲ ಮಾರಾಯ್ರೆ?"

"ದುಂಬಿ ಹೊಕ್ಕಿರ್ಬೇಕ್ರಿ" ಎಂದ ಕಲ್ಲಪ್ಪ, ಇಂಥದ್ದನ್ನು ದಿನವೂ ನೋಡುವವನಂತೆ. "ಅಮ್ಮನ ಹೂವಿಗೆ ದುಂಬಿ ಬರದೆ ಸೊಳ್ಳಿ ಬರ್ತಾವೇನ್ರಿ?"

ಸಿದ್ಧಲಿಂಗೇಶ ಜೇಬಿನೊಳಗೇ ಕೈಯಾಡಿಸಿ ಸಿಕ್ಕ ಗುಂಡಿ ಒತ್ತಿದ. ಸದ್ದು ಇನ್ನೂ ಹೆಚ್ಚಾಯಿತು. ವರದಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಗುಂಡಿ ಒತ್ತಿದ. ದುಂಬಿ ಸುಮ್ಮನಾಯಿತು. ಎಲ್ಲರೂ ಕೈ ಮುಗಿದರು. ಆ ಗದ್ದಲದಲ್ಲಿ ಅವನು ಎಡಗಿವಿಯದನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡ. ಬಾಯಿ ಬಿಡಬೇಕೆಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಮಗಳ ನಗುವೇ ಕಣ್ಣಿಗೆ ಬಿದ್ದಿತು. ಬಾಯಿ ಮುಚ್ಚಿಕೊಂಡ. ಗಂಟು ಸೊರಬದ ಕಾರು ಹತ್ತಿತು.

ಅಲ್ಲಿಗೆ ಮುಗಿದಿದ್ದರೆ ಈ ಕಥೆಗೆ ಕೆಲಸವಿರಲಿಲ್ಲ. ಮುಂದಿನ ವಾರ ವರದಮ್ಮನ ಫೋನು ಬಂತು. ಗಂಗಾಶ್ರೀ ಅದನ್ನು ಕೇಳಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಲಟ್ಟಣಿಗೆ ಹಾಗೆಯೇ ಇತ್ತು.

"ರೀ, ಕೇಳಿದ್ರಾ? ಅಮ್ಮ ಕೊಟ್ಟ ಮೊಗ್ಗು ಇನ್ನೂ ಬಾಡಿಲ್ಲವಂತೆ!"

ಸಿದ್ಧಲಿಂಗೇಶ ರೊಟ್ಟಿಯನ್ನು ಬಾಯಿಗಿಡುವ ಬದಲು ನೀರಿನ ಲೋಟಕ್ಕೆ ಅದ್ದಿದ.

"ಗಂಟಿನ ಮೇಲೆ ಮುಟ್ಟಿದ್ರೆ ಕಲ್ಲಿನ ಹಂಗ ಗಟ್ಟಿಯಂತೆ. ತೊಟ್ಟು ಸೈತ ಬಾಗಿಲ್ಲ! ಬೀದಿಯೋರೆಲ್ಲ ಬಂದು ಕಣ್ಣಿಗೆ ಒತ್ಕೊಂಡು ಹೋಗ್ತಾರಂತೆ. ಬಾಜೂ ಮನಿ ಹುಲಿಯಮ್ಮನ ಮೊಮ್ಮಗಗೆ ಜ್ವರ ಬಿಡ್ತಂತೆ!"

"ನಾ ಹೇಳಿರ್ಲಿಲ್ಲೇನು" ಎಂದಳು ಜಗಲಿಯಿಂದ ದ್ಯಾಮಮ್ಮ, ಸ್ವಂತ ತೋಟದ ಬೆಳೆಯನ್ನು ಹೊಗಳಿದವರಿಗೆ ಉತ್ತರಿಸುವಂತೆ.

ಸಿದ್ಧಲಿಂಗೇಶ ಲೆಕ್ಕ ಹಾಕಿದ. ಚಾರ್ಜು ಅಂದೇ ಮುಗಿದಿರುತ್ತದೆ. ಆದ್ದರಿಂದ ದುಂಬಿ ಮತ್ತೆ ಗುಂಯ್‌ಗುಡುವ ಭಯವಿಲ್ಲ. ಆದರೆ ಪ್ಲಾಸ್ಟಿಕ್ಕು ಬಾಡುವುದಿಲ್ಲ. ಇವತ್ತು ಬಾಡುವುದಿಲ್ಲ, ಮದುವೆಗೆ ಬಾಡುವುದಿಲ್ಲ, ಮೊಮ್ಮಕ್ಕಳ ಮದುವೆಗೂ ಬಾಡುವುದಿಲ್ಲ. ಇಂದಲ್ಲ ನಾಳೆ ಯಾರೋ ಒಬ್ಬರು ಅನುಮಾನ ತಾಳದೆ ಗಂಟು ಬಿಚ್ಚುತ್ತಾರೆ. ಬಿಚ್ಚಿದ ದಿನ ತನ್ನ ಮಗಳ ಗತಿ? ಅವನು ಶುದ್ಧ ವೈಜ್ಞಾನಿಕ ತೀರ್ಮಾನಕ್ಕೆ ಬಂದ: ತಪ್ಪು ವಸ್ತುವನ್ನು ತೆಗೆದು, ಆ ಜಾಗದಲ್ಲಿ ಸರಿಯಾದ ವಸ್ತುವನ್ನು ಇಡುವುದು. ಪಂಪಿನ ರಿಪೇರಿಯೂ ಇಷ್ಟೇ ತಾನೆ.

ಕಲ್ಯಾಣಮಂಟಪದ ಮಾತಾಡುವ ನೆಪ ಹೇಳಿ, ಜೇಬಿನಲ್ಲಿ ಒಂದು ತಾಜಾ ಸುಗಂಧರಾಜದ ಮೊಗ್ಗು ಇಟ್ಟುಕೊಂಡು ಸೊರಬಕ್ಕೆ ಹೋದ. ಸದಾಶಿವಪ್ಪನವರ ಜಗಲಿಯ ತುಂಬ ಚಪ್ಪಲಿಗಳು. ಒಳಗೆ ಅವರು ಗಂಟನ್ನು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು, ಭತ್ತದ ಸ್ಯಾಂಪಲ್ ತೋರಿಸುವ ಹಾಗೆ ಒಬ್ಬೊಬ್ಬರಿಗೂ ತೋರಿಸುತ್ತಿದ್ದರು. "ಹಿಚುಕಬೇಡಿ ಮಾರಾಯ್ರೆ, ಮೆಲ್ಲಕೆ ಮುಟ್ಟಿ. ಹ್ಞಾಂ! ಹೇಗದೆ? ಈ ತಾಲ್ಲೂಕಿನಲ್ಲಿ ಇಂಥದ್ದು ನೋಡಿದವರು ಯಾರಾದ್ರೂ ಇದ್ರೆ ಹೇಳಿ!" ಬೀಗರನ್ನು ಕಂಡವರೇ ಎಲ್ಲರಿಗೂ ಕೇಳುವಂತೆ, "ಬನ್ನಿ ಬನ್ನಿ, ಇವರೇ ನೋಡಿ ಆವತ್ತು ಅಮ್ಮನ ಬಲಕ್ಕೆ ಆರತಿ ಹಿಡಿದು ನಿಂತವರು" ಎಂದರು. ಒಬ್ಬ ಮುದುಕಿ ಬಗ್ಗಿ ಸಿದ್ಧಲಿಂಗೇಶನ ಕಾಲನ್ನೇ ಮುಟ್ಟಿದಳು. ಅವನು ಕಾದ ಕಬ್ಬಿಣ ತುಳಿದವನಂತೆ ಹಾರಿದ.

ಊಟಕ್ಕೆ ಎಲೆ ಹಾಕಿದಾಗ ಅವನು ಬರುವಾಗಲೇ ಬಸ್ಸಿನಲ್ಲಿ ಹೂಡಿದ್ದ ಉಪಾಯವನ್ನು ಹೊರತೆಗೆದ. "ನಂದಿನ್ನೂ ಲಿಂಗಪೂಜೆ ಆಗಿಲ್ರಿ. ಪೂಜೆ ಆಗದೆ ನಾನು ಬಾಯಿಗೆ ನೀರೂ ಹಾಕ್ಕೊಳ್ಳಲ್ಲ."

ಈ ಶ್ರದ್ಧೆಗೆ ಸದಾಶಿವಪ್ಪನವರ ಕಣ್ಣು ತೇವವಾಯಿತು. ಅವರು ಬೆಳ್ಳಿ ತಟ್ಟೆಯನ್ನು ದೇವರಮನೆಯಲ್ಲಿಟ್ಟು, ಮಡಿನೀರು, ವಿಭೂತಿ ಕೊಟ್ಟು, ತಾವೇ ಬಾಗಿಲು ಮುಚ್ಚಿಕೊಂಡು ಹೊರಗೆ ನಿಂತರು. ಒಳಗೆ ಸಿದ್ಧಲಿಂಗೇಶ ಬಾಯಲ್ಲಿ "ಓಂ ನಮಃ ಶಿವಾಯ" ಎನ್ನುತ್ತ, ಕೈಯಲ್ಲಿ ಗಂಟು ಬಿಚ್ಚಿ, ಬಡ್ಡು ತೆಗೆದು, ಮೊಗ್ಗು ಇಟ್ಟು, ಮತ್ತೆ ಗಂಟು ಕಟ್ಟಿದ. ಹೊರಗೆ ಬಂದಾಗ ಅವನ ಮುಖದಲ್ಲಿದ್ದ ನೆಮ್ಮದಿಯನ್ನು ನೋಡಿ ವರದಮ್ಮ, "ನಿಜವಾದ ಪೂಜೆ ಅಂದ್ರೆ ಮುಖದಲ್ಲಿ ಗೊತ್ತಾಗ್ತದೆ" ಎಂದರು.

ಸತ್ಯವನ್ನು ಅದರ ಜಾಗದಲ್ಲಿ ಇಟ್ಟು ಬಂದವನ ನಿದ್ದೆ ಆ ರಾತ್ರಿ ಗಾಢವಾಗಿತ್ತು. ಒಂದು ದಿನ ಕಳೆಯಿತು. ಮಾರನೆಯ ದಿನ ಅಂಗಡಿಗೆ ಫೋನು ಬಂತು. ಸದಾಶಿವಪ್ಪನವರ ಧ್ವನಿ ಬಾವಿಯ ತಳದಿಂದ ಬರುತ್ತಿತ್ತು.

"ಬೀಗರೇ... ಹೂವು ಬಾಡಿತು."

ಸಿದ್ಧಲಿಂಗೇಶನ ಕೈಯಿಂದ ಬೇರಿಂಗು ಉರುಳಿತು. ಎಲ್ಲವನ್ನೂ ಯೋಚಿಸಿದ್ದ ಅವನು ಇದೊಂದನ್ನು ಮಾತ್ರ ಯೋಚಿಸಿರಲಿಲ್ಲ: ನಿಜವಾದ ಹೂವು ಬಾಡುತ್ತದೆ.

"ಇಷ್ಟು ದಿನ ಕಲ್ಲಿನ ಹಾಗಿತ್ತು. ಇವತ್ತು ಮುಟ್ಟಿದ್ರೆ ಮೆತ್ತಗೆ, ಒದ್ದೆ ಒದ್ದೆ. ಮುಟ್ಟಿದ ಹೆಂಗಸು ಅಲ್ಲೇ ಕೂತುಬಿಟ್ಲು. ಊರೆಲ್ಲ ಹೇಳ್ತಾ ಅದೆ, ಅಮ್ಮ ಕೊಟ್ಟ ಮಾತು ವಾಪಸ್ ತಗೊಂಡ್ಲು ಅಂತ." ಒಂದು ಕ್ಷಣ ತಡೆದು, ಧ್ವನಿ ಇಳಿಸಿದರು. "ತಪ್ಪು ತಿಳೀಬೇಡಿ. ನೀವು ಬಂದು ಪೂಜೆ ಮಾಡಿ ಹೋದ ಮೇಲೆಯೇ ಹೀಗಾದದ್ದು. ಅದು... ಎಂಥ ಪೂಜೆ ನಿಮ್ಮದು?"

ಮನೆಗೆ ಸುದ್ದಿ ಮೊದಲೇ ತಲುಪಿತ್ತು. ಗಂಗಾಶ್ರೀಗೆ ಹೂವು ಬಾಡಿದ್ದಕ್ಕಿಂತ ದೊಡ್ಡ ಆಘಾತ ಬೇರೆ ಇತ್ತು. "ನೀವು ಲಿಂಗಪೂಜೆ ಮಾಡಿದ್ರಾ? ನೀವು? ಇಲ್ಲಿ ನಾನು ಬೈದು ಬೈದು ಬಾಯಿ ಒಣಗಿಸ್ಕೊಂಡ್ರೂ ಮಾಡದೋರು ಸೊರಬಕ್ಕೆ ಹೋಗಿ ಮಾಡಿದ್ರಾ?" ಚೈತ್ರಶ್ರೀ ತಟ್ಟೆ ಮುಟ್ಟಲಿಲ್ಲ. ಶಾಲೆಗೂ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಗಳ ಬೆನ್ನು ನೋಡಿ ಸಿದ್ಧಲಿಂಗೇಶ ಮೂರು ಸಲ ಬಾಗಿಲವರೆಗೆ ಹೋಗಿ ಮೂರು ಸಲವೂ ವಾಪಸಾದ. 

ದ್ಯಾಮಮ್ಮನ ತೀರ್ಪು ಬಂತು: ಮತ್ತೆ ಹೂ ಕೇಳುವುದು. ಈ ಸಲ ಎಡಕ್ಕೆ ಬಿದ್ದರೆ, ಇಲ್ಲವೇ ಬೀಳದೆ ಹೋದರೆ, ಸಂಬಂಧ ಮುರಿಯಿತು. ಸದಾಶಿವಪ್ಪನವರೂ ಒಪ್ಪಿದರು. ಅವರಿಗಾದರೂ ಬೇರೆ ದಾರಿಯೆಲ್ಲಿತ್ತು? ಸೊರಬದಲ್ಲಿ ಅವರು ತಲೆಗೆ ಟವೆಲ್ ಸುತ್ತಿಕೊಂಡು, ಮುಖ ಮರೆಸಿಕೊಂಡು ಓಡಾಡುವಂತಾಗಿತ್ತು.

ಮತ್ತೆ ಶುಕ್ರವಾರ. ಮತ್ತೆ ಅದೇ ಗುಡಿ, ಅದೇ ಜನ. ಕರೆಂಟು ಮಾತ್ರ ಇತ್ತು. ವರದಮ್ಮನ ಕೈಯಲ್ಲಿದ್ದ ತಟ್ಟೆಯ ಮೇಲೆ ಕಂದು ಬಣ್ಣದ ಕಲೆ ಬಿದ್ದ ಗಂಟು ಹೆಣದಂತೆ ಮಲಗಿತ್ತು. ನಾಗೇಶ ಒಂದು ಕಂಬದ ಹತ್ತಿರ, ಚೈತ್ರಶ್ರೀ ಇನ್ನೊಂದರ ಹತ್ತಿರ. ಕಲ್ಲಪ್ಪ ಮೊಗ್ಗುಗಳನ್ನು ಸಿಕ್ಕಿಸಿ, ಈ ಸಲ ಜಗಳದ ಧಾಟಿ ಬಿಟ್ಟು ಮೆಲ್ಲಗೆ, "ಅವ್ವಾ, ಆವತ್ತು ಕೊಟ್ಟದ್ದು ದಿಟವೋ, ಇವತ್ತು ಬಾಡಿದ್ದು ದಿಟವೋ, ನೀನೇ ಹೇಳು" ಎಂದ.

ಕಿರೀಟದ ಎಡಕ್ಕಿದ್ದ ಒಂದು ಮೊಗ್ಗು ಕೂದಲೆಳೆಯಷ್ಟು ಜಾರಿತು. ಚೈತ್ರಶ್ರೀಯ ಬಾಯಿಂದ ಸಣ್ಣದೊಂದು ಉಸಿರು ಹೊರಟಿತು. ಆ ಉಸಿರನ್ನು ಸಿದ್ಧಲಿಂಗೇಶನ ಎರಡೂ ಕಿವಿಗಳು ಕೇಳಿದವು.

"ನಿಲ್ಸಿ!" ಎಂದು ಅವನು ಕೂಗಿದ. "ಅಮ್ಮ ಕೊಟ್ಟೇ ಇಲ್ಲ! ಬಿದ್ದದ್ದು ಹೂವಲ್ಲ!"

ಜೇಬಿನಿಂದ ಬಡ್ಡುಗಳ ಡಬ್ಬಿ ತೆಗೆದು, ಅದರಿಂದ ಬಲಗಡೆಯ ಬಡ್ಡು ತೆಗೆದು, ಅಂಗೈ ಮೇಲಿಟ್ಟು ಎಲ್ಲರ ಎದುರಿಗೆ ಹಿಡಿದ. ವಾಷರಿನಿಂದ ಹಿಡಿದು ಲಿಂಗಪೂಜೆಯವರೆಗೆ ಒಂದನ್ನೂ ಬಿಡದೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

 ಎಲ್ಲರೂ ಹತ್ತಿರ ಬಂದು, ತಲೆಗೆ ತಲೆ ತಾಗಿಸಿ, ಆ ಅಂಗೈಯನ್ನೇ ನೋಡಿದರು.

ಮೊದಲು ಬಾಯಿ ಬಂದದ್ದು ಕಲ್ಲಪ್ಪನಿಗೆ. "ನಾ ಎತ್ತಿದ್ದು ಇದನ್ನ? ಅವತ್ತೇ ತೊಟ್ಟು ಗಟ್ಟಿ ಐತೆ ಅನ್ಸಿತ್ತು. ಹೊಸಾ ತಳಿ ಬಂದಿರ್ಬೇಕು ಅಂದ್ಕೊಂಡೆ!"

"ಹುಲಿಯಮ್ಮನ ಮೊಮ್ಮಗನ ಜ್ವರ ಇದರಿಂದ ಬಿಡ್ತಾ?" ವರದಮ್ಮನ ಕೈಯಲ್ಲಿದ್ದ ತಟ್ಟೆ ಜಾರಿ ಘಣಘಣ ಎಂದು ಉರುಳಿತು. "ಅಯ್ಯೋ ಶಿವನೇ, ಕಿವಿಯೊಳಗಿಂದು!"

ಸದಾಶಿವಪ್ಪನವರ ಮುಖ ಅರಿಶಿನದ ಬಟ್ಟೆಯ ಬಣ್ಣಕ್ಕೆ ತಿರುಗಿತು. "ಅಂದ್ರೆ... ಇಡೀ ಸೊರಬದ ಕಣ್ಣಿಗೆ ನಾನು ನಿಮ್ಮ ಕಿವಿಯ ಗುಗ್ಗೆ ಒತ್ತಿಸಿದೆನಾ?"

"ಹಂಗಲ್ರಿ" ಎಂದ ಸಿದ್ಧಲಿಂಗೇಶ ದೀನನಾಗಿ. "ರಬ್ಬರ್ ಬಿಚ್ಚಿ ತೊಳೀಬೋದು. ವಾಟರ್‌ಪ್ರೂಫ್ ಐತೆ."

ಎಲ್ಲರೂ ಅವನನ್ನು ನೋಡಿದ ನೋಟಕ್ಕೆ ಕಲ್ಲೂ ಬಿರಿಯಬೇಕು. ಅಷ್ಟರಲ್ಲಿ ಅವರ ಬೆನ್ನ ಹಿಂದೆ 'ಪೊತ್' ಎಂದು ಮೆತ್ತನೆಯ ಸದ್ದಾಯಿತು.

ಎಲ್ಲರೂ ಒಟ್ಟಿಗೆ ತಿರುಗಿದರು. ಅಮ್ಮನ ಎರಡು ಪಾದಗಳ ನಟ್ಟನಡುವೆ ಒಂದು ಸುಗಂಧರಾಜದ ಮೊಗ್ಗು ಬಿದ್ದಿತ್ತು.

"ಯಾವ ಕಡೆಯಿಂದ ಬಿತ್ತು?" ಎಂದರು ಸದಾಶಿವಪ್ಪ.

ಯಾರೂ ನೋಡಿರಲಿಲ್ಲ. ಎಲ್ಲರೂ ಕಲ್ಲಪ್ಪನನ್ನು ನೋಡಿದರು. ಕಲ್ಲಪ್ಪ ತಲೆ ತಗ್ಗಿಸಿದ. ಮೂವತ್ತು ವರ್ಷದಿಂದ ಅಮ್ಮನ ಮುಂದೆ ನಿಂತವನು ಅಂದು ಮೊದಲ ಸಲ ಅಮ್ಮನಿಗೆ ಬೆನ್ನು ಹಾಕಿ ಬಡ್ಡು ನೋಡುತ್ತ ನಿಂತಿದ್ದ.

ದ್ಯಾಮಮ್ಮ ಬಂದು ಮಗನ ಎದುರಿಗೆ ನಿಂತಳು. ಹೊಡೆಯುತ್ತಾಳೆಂದು ಅವನು ಕಣ್ಣು ಮುಚ್ಚಿಕೊಂಡ.

"ಲೇ ಸಿದ್ಧ, ಅವತ್ತು ಎರಡು ಕಿವ್ಯಾಗೂ ಇತ್ತಲ್ಲ. ಎಡಗಡೇದು ಯಾಕ ಬೀಳ್ಲಿಲ್ಲ?"

"ಬಲಗಿವಿ ತೂತು ದೊಡ್ಡದವ್ವ. ನವೀನ ದೊಡ್ಡ ರಬ್ಬರ್ ಹಾಕ್ಕೋ ಅಂದ. ನಾನೇ ಹಾಕ್ಕೊಳ್ಳಲಿಲ್ಲ."

"ಹಾಕ್ಕೋಬ್ಯಾಡ ಅಂತ ಬುದ್ಧಿ ಕೊಟ್ಟೋರು ಯಾರು?"

"ಯಾರೂ ಇಲ್ಲವ್ವ. ನಂದೇ ಬುದ್ಧಿ."

"ನಿನ್ನ ಬುದ್ಧಿ ನಾ ಕಾಣೆನಾ? ಹೆತ್ತೋಳು ನಾನು, ಈ ತೂತು ದೊಡ್ಡದು ಅನ್ನೋದು ನನಗೇ ಗೊತ್ತಿಲ್ಲ. ಅಮ್ಮಗ ಗೊತ್ತಿತ್ತು. ಅವಳಿಗೆ ಹೂವೇ ಆಗ್ಬೇಕು ಅಂತೇನೈತಿ? ಬೀಳ್ಸೋದು ಅವಳ ಕೆಲಸ, ಬಲಕ್ಕೆ ಬೀಳ್ಸಿದ್ಲು." ದ್ಯಾಮಮ್ಮ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಎರಡು ಸಲ ಕೇಳಿದ್ವಿ, ಎರಡು ಸಲ ಕೊಟ್ಲು. ಮೂರನೇ ಸಲ ಕೇಳಿದ್ರ ಕಪಾಳಕ್ಕ ಕೊಡ್ತಾಳ. ಮದುವಿ ದಿನ ನೋಡ್ರಿ."

 ನಾಗೇಶ ಚೈತ್ರಶ್ರೀಯ ಕಂಬದ ಹತ್ತಿರ ಬಂದದ್ದನ್ನು ಎಲ್ಲರೂ ನೋಡಿದರು. ಯಾರೂ ನೋಡದವರಂತೆ ಇದ್ದರು. ಸಿದ್ಧಲಿಂಗೇಶ ಮಾತ್ರ ಸದಾಶಿವಪ್ಪನವರ ಕಾಲಿಗೆ ಬೀಳಲು ಬಗ್ಗಿದ. ಅವರು ಅವನನ್ನು ತೋಳು ಹಿಡಿದು ಎತ್ತಿ, ಗುಡಿಯ ಮೂಲೆಗೆ ಕರೆದುಕೊಂಡು ಹೋದರು.

"ಬೀಗರೇ, ಆ ಮೊಗ್ಗು ಕೊಡಿ ಇಲ್ಲಿ."

"ಯಾವುದ್ರಿ? ಬಿದ್ದದ್ದಾ?"

"ಅದು ನಾಳೆ ಬಾಡ್ತದೆ. ಬಾಡಿದ್ದು ತಗೊಂಡು ನಾನು ಸೊರಬದಲ್ಲಿ ಮುಖ ತೋರಿಸೋದು ಹೇಗೆ? ನಿಮ್ಮದು ಕೊಡಿ. ಬಾಡಿದ ಹೂವು ಅಮ್ಮನ ಹತ್ರ ಹೋಗಿ ಮತ್ತೆ ಗಟ್ಟಿಯಾಗಿ ಬಂತು ಅಂತೀನಿ."

ಸಿದ್ಧಲಿಂಗೇಶ ದಂಗಾಗಿ ನಿಂತ. ಘನತೆಯ ಮೂರ್ತಿಯಂತಿದ್ದ ಮನುಷ್ಯನ ಕಣ್ಣಿನಲ್ಲಿ ಸಂತೆಯ ದಿನದ ಮಿಂಚು ಇತ್ತು. ಕಲ್ಲಪ್ಪ ತೀರ್ಥದ ನೀರಿನಿಂದ ಬಡ್ಡನ್ನು ಎರಡು ಸಲ ತೊಳೆದ. ಸಾಲದೆಂದು ವರದಮ್ಮ ಮೂರನೆಯ ಸಲ ತೊಳೆಸಿದರು. ಹೊಸ ಅರಿಶಿನದ ಬಟ್ಟೆ ಬಂತು. ಕಲ್ಲಪ್ಪ ಶಾಸ್ತ್ರ ಬಿಡಬಾರದೆಂದು ಮುಖ ತಿರುಗಿಸಿಕೊಂಡೇ ಗಂಟು ಕಟ್ಟಿದ.

"ಇನ್ನೊಂದೆಲ್ಲಿ?" ಎಂದರು ಸದಾಶಿವಪ್ಪ.

"ಯಾವ ಇನ್ನೊಂದ್ರಿ?"

"ಎಡಗಿವಿದು. ಮದುವೆಗಿನ್ನೂ ದಿನ ಅದೆಯಲ್ಲ ಮಾರಾಯ್ರೆ. ಇಷ್ಟು ಜನ ಮುಟ್ಟುವಾಗ ಒಂದು ಕಳೆದುಹೋದ್ರೆ? ಸ್ಪೇರ್ ಇರ್ಲಿ."

ಸಿದ್ಧಲಿಂಗೇಶ ಎಡಗಿವಿಯದನ್ನೂ ಕೊಟ್ಟ. ಖಾಲಿ ಡಬ್ಬಿ ಅವನ ಕೈಯಲ್ಲಿ ಉಳಿಯಿತು.

ವಾಪಸಾಗುವಾಗ ಕಾರನ್ನು ಸಿದ್ಧಲಿಂಗೇಶನೇ ನಡೆಸುತ್ತಿದ್ದ. ತಾಳಗುಂದ ದಾಟುವ ಹೊತ್ತಿಗೆ, ಹಿಂದೆ ಅಜ್ಜಿಯ ಪಕ್ಕ ಕೂತಿದ್ದ ಚೈತ್ರಶ್ರೀಗೆ ಸೀಟಿನ ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ದೊಡ್ಡ ಅಳತೆಯ ಎರಡು ರಬ್ಬರುಗಳು, ಮುಟ್ಟದೆ ಇಟ್ಟವು ಇಟ್ಟ ಹಾಗೇ ಇದ್ದವು. ಅವಳು ಅವನ್ನು ಬಹಳ ಹೊತ್ತು ನೋಡಿದಳು.

"ಅಪ್ಪಾ, ನೀವಿದನ್ನ ಹಾಕ್ಕೊಂಡಿದ್ರೆ?"

ಸಿದ್ಧಲಿಂಗೇಶ ಯೋಚಿಸಿದ. ಯೋಚನೆ ಪೂರ್ತಿಯಾದಾಗ ಅವನ ಕೈ ತಾನಾಗಿ ಸ್ಟೇರಿಂಗ್ ಬಿಟ್ಟು ಬಲಗಿವಿಯನ್ನು ಮುಟ್ಟಿತು. ಕಾರು ರಸ್ತೆಯಿಂದ ಒಂದು ಗೇಣು ಪಕ್ಕಕ್ಕೆ ವಾಲಿತು. ಗಂಗಾಶ್ರೀ "ರೀ!" ಎಂದು ಚೀರಿದಳು.

ವಿಜ್ಞಾನದ ಟೀಚರು ಕಿಟಕಿಯ ಗಾಜು ಇಳಿಸಿ, ಪೊಟ್ಟಣವನ್ನು ಮೆಕ್ಕೆಜೋಳದ ಹೊಲಕ್ಕೆ ಎಸೆದುಬಿಟ್ಟಳು. "ಇದು ನಮ್ಮನೇಲಿ ಇರೋದು ಬೇಡ" ಎಂದಳು.

ತೂಕಡಿಸುತ್ತಿದ್ದ ದ್ಯಾಮಮ್ಮ ತಟ್ಟನೆ ಕಣ್ಣು ಬಿಟ್ಟಳು.

"ಯಾವ ಕಡಿಗೆ ಬಿತ್ತೇ?"